ನಿಷೇಧ ಮುಗಿದರೂ ಹಗೆ ಮುಗಿಯದ ಮೈದಾನಗಳು

ಮಾನ್ಯ ಸಂಪಾದಕರೇ,

ಹವ್ಯಾಸಿ ಫುಟ್‌ಬಾಲ್ ಪಂದ್ಯವೊಂದರಲ್ಲಿ ಆಟಗಾರರು ಹೊಡೆದಾಡಿಕೊಂಡು ಹುಡುಗನೊಬ್ಬನ ಮೂಗು ಮುರಿದ ಸುದ್ದಿ ನಿಮ್ಮ ಕ್ರೀಡಾಪುಟದಲ್ಲಿ ಬಂದ ಮೇಲೆ ಓದುಗರ ಪತ್ರಗಳು ಒಂದರ ಹಿಂದೊಂದು ಪ್ರಕಟವಾಗುತ್ತಿವೆ. ಬಹುತೇಕರ ಒತ್ತಾಯ ಒಂದೇ: ಕೈಮಾಡಿದವರಿಗೆ ಆಜೀವ ನಿಷೇಧ ಹೇರಿ. ನಾನು ವಾರಾಂತ್ಯಗಳಲ್ಲಿ ಇಂಥ ಪಂದ್ಯಗಳನ್ನೇ ನಡೆಸಿಕೊಡುವ ರೆಫರಿ. ಅದಕ್ಕೂ ಮೊದಲು ಬಹಳ ವರ್ಷ ಡಿಫೆಂಡರ್ ಆಗಿ ಆಡಿದವನು. ಶಿಕ್ಷೆ ಬೇಡವೆಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಕೆಂಪು ಕಾರ್ಡ್ ತೆಗೆಯಬೇಕಾದಲ್ಲಿ ತೆಗೆಯಲೇಬೇಕು. ಆದರೆ ನಿಷೇಧ ಮುಗಿಸಿ ಬಂದವನೂ ಅವನಿಂದ ಏಟು ತಿಂದವನೂ ಮತ್ತೆ ಎದುರುಬದುರಾಗುವ ದಿನ ಒಂದು ಬಂದೇ ಬರುತ್ತದೆ. ಆ ಪಂದ್ಯಕ್ಕೂ ಸೀಟಿ ಊದಬೇಕಾದವರು ನಮ್ಮಂಥವರು. ಆ ದಿನದ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ.

ಅಂಥ ಪಂದ್ಯದಲ್ಲಿ ಮೊದಲ ಹತ್ತು ನಿಮಿಷ ಚೆಂಡನ್ನು ನೋಡುವವರೇ ಕಡಿಮೆ. ಎಲ್ಲರ ಕಣ್ಣು ಆ ಇಬ್ಬರ ಮೇಲೆ. ತಮಾಷೆಯೆಂದರೆ, ಎಷ್ಟೋ ಸಲ ಆ ಇಬ್ಬರೂ ಸುಮ್ಮನೆ ತಮ್ಮ ಆಟ ಆಡಿಕೊಂಡಿರುತ್ತಾರೆ. ಅವರಲ್ಲದ ಮೂರನೆಯವನೊಬ್ಬ, ಹಿಂದಿನ ಪಂದ್ಯದಲ್ಲಿ ಒಂದು ಗೀರೂ ಆಗದವನು, ‘ನಮ್ಮ ಹುಡುಗನಿಗೆ ಹೊಡೆದವನು ಇವನೇ ಅಲ್ಲವೇ’ ಎಂದು ಲೆಕ್ಕ ಚುಕ್ತಾ ಮಾಡಲು ಕಾಲು ಬೀಸುತ್ತಾನೆ. ಅಲ್ಲಿಂದ ಎರಡೂ ಕಡೆಯ ಬೆಂಚುಗಳು ಎದ್ದು ಬರುತ್ತವೆ.

ಗೆಳೆಯನ ಪರವಾಗಿ ತೀರಿಸಿಕೊಳ್ಳುವ ಈ ಸೇಡು ಬಹಳ ಗಟ್ಟಿಯಾದದ್ದು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ 1952ರಿಂದ 2009ರವರೆಗೆ ನಡೆದ 57,000ಕ್ಕೂ ಹೆಚ್ಚು ಪಂದ್ಯಗಳ ದಾಖಲೆಗಳನ್ನು ಸಂಶೋಧಕರು ಜಾಲಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದುರಾಳಿ ಪಿಚರ್ ಎಸೆದ ಚೆಂಡು ತನ್ನ ತಂಡದ ಬ್ಯಾಟರ್‌ಗೆ ತಗುಲಿದ್ದರೆ, ಇತ್ತ ಕಡೆಯ ಪಿಚರ್ ಕೂಡ ಎದುರಾಳಿಗೆ ಚೆಂಡು ತಗುಲಿಸುವ ಸಾಧ್ಯತೆ ಬಿಸಿಲು ಏರಿದಷ್ಟೂ ಏರುತ್ತಿತ್ತು. ಯಾರಿಗೂ ಪೆಟ್ಟಾಗದ ಪಂದ್ಯಗಳಲ್ಲಿ ಬಿಸಿಲಿನ ಪ್ರಭಾವ ಅಷ್ಟಾಗಿ ಕಾಣಲಿಲ್ಲ. ಅಂದರೆ ಬಿಸಿಲು ಸುಮ್ಮಸುಮ್ಮನೆ ಯಾರನ್ನೂ ರೌಡಿ ಮಾಡುವುದಿಲ್ಲ. ಮೊದಲೇ ಒಂದು ಬಾಕಿ ಇದ್ದರೆ ಅದನ್ನು ವಸೂಲಿಗೆ ಎಬ್ಬಿಸುತ್ತದೆ. ಹಳೆಯ ಜಗಳವಿರುವ ಎರಡು ತಂಡಗಳಿಗೆ ಮಟಮಟ ಮಧ್ಯಾಹ್ನದ ಪಂದ್ಯ ಗೊತ್ತುಮಾಡುವ ಸಂಘಟಕರು ಈ ಒಂದು ವಿಷಯವನ್ನಾದರೂ ಗಮನಕ್ಕೆ ತಂದುಕೊಳ್ಳಬೇಕು.

ವೃತ್ತಿಪರರ ಕಥೆ ಬೇರೆ, ನಮ್ಮದು ಬೇರೆ. ಅವರಿಗೆ ಪೆಟ್ಟಾದರೆ ತಂಡದ ವೈದ್ಯರಿದ್ದಾರೆ, ಫಿಸಿಯೋ ಇದ್ದಾರೆ, ಕೈಯಲ್ಲಿ ಒಪ್ಪಂದಪತ್ರ ಇದೆ. ಹವ್ಯಾಸಿ ಆಟಗಾರ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಮಣಿಕಟ್ಟು ಮುರಿದರೆ ವಾಹನ ಓಡಿಸುವವನ ದುಡಿಮೆಯೇ ನಿಂತಿತು. ವಿಮೆ ಇರುವುದಿಲ್ಲ. ಇನ್ನೂ ಒಂದು ದೊಡ್ಡ ವ್ಯತ್ಯಾಸ ದಾಖಲೆಯದು. ದೊಡ್ಡ ಪಂದ್ಯದಲ್ಲಿ ಏನು ನಡೆಯಿತೆಂದು ಹತ್ತು ಕ್ಯಾಮೆರಾ ಹೇಳುತ್ತವೆ. ನಮ್ಮಲ್ಲಿ ರೆಫರಿ ಒಬ್ಬನೇ, ಕೆಲವು ಸಲ ಲೈನ್ಸ್‌ಮನ್‌ಗಳೂ ಇರುವುದಿಲ್ಲ. ಚೆಂಡು ಒಂದು ಕಡೆ ಇದ್ದು ಮೊಣಕೈ ಇನ್ನೊಂದು ಕಡೆ ಆಡಿದರೆ ಕಂಡವರು ಯಾರು? ಉಳಿಯುವುದು ಎರಡು ತಂಡಗಳ ಎರಡು ನೆನಪು. ವರ್ಷ ಕಳೆದಂತೆ ಒಂದು ತಂಡದ ನೆನಪಿನಲ್ಲಿ ಆ ಏಟು ಬೆಳೆಯುತ್ತದೆ, ಇನ್ನೊಂದರಲ್ಲಿ ಕರಗಿ ಇಲ್ಲವಾಗುತ್ತದೆ. ಅದೇ ಐದಾರು ತಂಡಗಳು ವರ್ಷವೂ ಆಡುವುದರಿಂದ ಎರಡೂ ನೆನಪುಗಳು ಮತ್ತೆಮತ್ತೆ ಮುಖಾಮುಖಿಯಾಗುತ್ತಲೇ ಇರುತ್ತವೆ.

ಒಂದು ಪ್ರಸಂಗ ಹೇಳಬೇಕು. ಇಬ್ಬರ ಅನುಮತಿಯೂ ಇದೆ, ಹೆಸರು ಮಾತ್ರ ಬೇಡವೆಂದಿದ್ದಾರೆ. ಕಾರ್ನರ್ ಕಿಕ್‌ಗೆ ಎಗರಿದ ಗೋಲ್‌ಕೀಪರ್‌ನ ದವಡೆಗೆ ಸ್ಟ್ರೈಕರ್‌ನ ಮೊಣಕೈ ಬಡಿಯಿತು. ದವಡೆಯ ಮೂಳೆ ಸೀಳಿತು, ಎರಡು ಹಲ್ಲು ಹೋದವು. ಕೆಂಪು ಕಾರ್ಡ್ ಆಯಿತು, ಸಂಘಟಕರ ಸಮಿತಿ ನಿಷೇಧವನ್ನೂ ಹೇರಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ನಡೆಯಿತು. ಮುಂದಿನ ಋತುವಿನಲ್ಲಿ ಎರಡೂ ತಂಡಗಳು ಮತ್ತೆ ಎದುರಾಗುವ ಹೊತ್ತಿಗೆ ಕೀಪರ್‌ನ ತಂಡದಲ್ಲಿ ಗುಸುಗುಸು ಶುರುವಾಗಿತ್ತು. ಅದು ನನ್ನ ಕಿವಿಗೂ ಬಿತ್ತು. ಪಂದ್ಯಕ್ಕೆ ಕೆಲ ದಿನ ಮೊದಲು, ಕೀಪರ್ ಒಪ್ಪಿದ ಮೇಲೆಯೇ, ಇಬ್ಬರನ್ನೂ ಖಾಲಿ ಮೈದಾನದ ಬೆಂಚಿನ ಮೇಲೆ ಕೂರಿಸಿದೆವು. ಎರಡೂ ತಂಡಗಳ ನಾಯಕರಿದ್ದರು, ನಾನಿದ್ದೆ.

ಸ್ಟ್ರೈಕರ್ ಬಾಯಿ ತೆರೆದವನೇ, ‘ಸಾರಿ ಅಣ್ಣ, ಆದರೆ ನಾನು ಚೆಂಡಿಗೇ ಹೋಗಿದ್ದೆ’ ಅಂದ. ಕೀಪರ್ ಮಾತಾಡಲಿಲ್ಲ. ಇವನು ಮತ್ತೆ ವಿವರಿಸಿದ: ಗಾಳಿಯಲ್ಲಿದ್ದಾಗ ಕೈ ಎಲ್ಲಿರುತ್ತದೆ ಎಂದು ಗೊತ್ತಾಗುವುದಿಲ್ಲ, ಹಿಂದಿನಿಂದ ಯಾರೋ ತಳ್ಳಿದರು, ಇತ್ಯಾದಿ. ಅದೆಲ್ಲ ಸುಳ್ಳೇನೂ ಅಲ್ಲ. ಕೊನೆಗೆ ಕೀಪರ್ ಹೇಳಿದ್ದು ಇಷ್ಟು: ‘ನೀನು ಯಾಕೆ ಹೊಡೆದೆ ಅಂತ ನಾನು ಕೇಳೋದಿಲ್ಲಪ್ಪ. ಆಟದಲ್ಲಿ ತಗಲುತ್ತೆ. ನಾನು ರಕ್ತ ಉಗುಳ್ತಾ ಬಿದ್ದಿದ್ದಾಗ ನೀನು ರೆಫರಿ ಹತ್ತಿರ ವಾದ ಮಾಡ್ತಾ ನಿಂತಿದ್ದೆ. ಒಂದು ಸಲ ತಿರುಗಿ ನೋಡಲಿಲ್ಲ. ಆಸ್ಪತ್ರೆಗೆ ಒಂದು ಫೋನ್ ಬರಲಿಲ್ಲ. ಅದೊಂದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.’

ಸ್ಟ್ರೈಕರ್‌ನ ಮುಖ ಇಳಿಯಿತು. ಕಾರ್ಡ್ ಕೊಟ್ಟದ್ದಕ್ಕೆ ಅವನಿಗೆ ಸಿಟ್ಟಿತ್ತು, ನಿಷೇಧಕ್ಕೆ ಬೇಸರವಿತ್ತು. ತಿರುಗಿ ನೋಡಲಿಲ್ಲ ಎಂಬುದು ಮಾತ್ರ ಅವನ ತಲೆಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ‘ಹೆದರಿಬಿಟ್ಟಿದ್ದೆ ಅಣ್ಣ. ನೋಡೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು’ ಅಂದ. ಈ ಸಲ ‘ಆದರೆ’ ಇರಲಿಲ್ಲ. ಅಪ್ಪಿಕೊಂಡರು, ಕಣ್ಣೀರಿಟ್ಟರು ಅಂತೆಲ್ಲ ಏನೂ ಆಗಲಿಲ್ಲ. ಕೀಪರ್ ‘ಸರಿ, ಆಡೋಣ’ ಅಂದು ಎದ್ದ. ತಾನಿನ್ನೂ ಪೂರ್ತಿ ಮರೆತಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಆದರೂ ಪಂದ್ಯದ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ತನ್ನ ಹುಡುಗರಿಗೆ, ‘ಅವನ ತಂಟೆಗೆ ಯಾರೂ ಹೋಗಕೂಡದು, ಅದು ನನ್ನ ಅವನ ನಡುವೆ ಮುಗಿದಿದೆ’ ಎಂದು ತಾಕೀತು ಮಾಡಿದವನೂ ಅವನೇ. ಸೇಡಿಗೆ ಸಿದ್ಧನಾಗಿದ್ದ ಆ ಮೂರನೆಯವನನ್ನು ತಡೆಯುವ ಅಧಿಕಾರ ಅಲ್ಲಿ ಇದ್ದದ್ದು ಅವನೊಬ್ಬನಿಗೇ. ನನ್ನ ಜೇಬಿನ ಕಾರ್ಡುಗಳಿಗೆ ಇರಲಿಲ್ಲ.

ಇದನ್ನು ಕಂಡ ಮೇಲೆ ನನಗೆ ಒಂದು ಸಂಗತಿ ನಿಚ್ಚಳವಾಯಿತು. ಫುಟ್‌ಬಾಲ್‌ನ ನಿಯಮಾವಳಿಯ 12ನೇ ನಿಯಮ ಫೌಲ್‌ಗಳನ್ನು ಮೂರು ಹಂತದಲ್ಲಿ ತೂಗುತ್ತದೆ. ಅಜಾಗರೂಕತೆಯಾದರೆ ಫ್ರೀ ಕಿಕ್ ಸಾಕು. ಎದುರಾಳಿಗೆ ಆಗುವ ಅಪಾಯವನ್ನು ಲೆಕ್ಕಿಸದೆ ನುಗ್ಗಿದರೆ ಹಳದಿ ಕಾರ್ಡ್. ಮಿತಿಮೀರಿದ ಬಲ ಬಳಸಿದರೆ ಕೆಂಪು. ಟ್ಯಾಕಲ್ ಮಾಡಿದವನ ಮನಸ್ಸಿನಲ್ಲಿ ಏನಿತ್ತು ಎಂದು ರೆಫರಿ ಹುಡುಕಿಕೊಂಡು ಹೋಗಬೇಕಿಲ್ಲ; ಕಣ್ಣಿಗೆ ಕಂಡ ಕೃತ್ಯವನ್ನು ಅಳೆದರೆ ಆಯಿತು. ಇದು ಸರಿಯಾದ ನಿಯಮ. ಇಪ್ಪತ್ತೆರಡು ಜನರ ಮನಸ್ಸನ್ನು ಓದುತ್ತ ಕೂತರೆ ಪಂದ್ಯ ನಡೆಸಲಾಗದು. ಆದರೆ ಏಟು ತಿಂದವನಿಗೆ ಬೇಕಾದ ಉತ್ತರ ಇರುವುದೇ ಆ ಮನಸ್ಸಿನಲ್ಲಿ. ಬೇಕೆಂದೇ ಮಾಡಿದೆಯಾ? ಮಾಡಿದ ಮೇಲೆ ನಿನಗೆ ಏನನ್ನಿಸಿತು? ಮತ್ತೆ ಮಾಡುತ್ತೀಯಾ? ಕಾರ್ಡ್ ಆಗಲಿ ನಿಷೇಧವಾಗಲಿ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಉತ್ತರ ಸಿಗದ ಪ್ರಶ್ನೆ ಮುಂದಿನ ಪಂದ್ಯಕ್ಕೆ ಹೋಗುತ್ತದೆ.

‘ಆಟದಲ್ಲಿ ಇದೆಲ್ಲ ಇದ್ದದ್ದೇ’ ಎನ್ನುವವರ ಜತೆ ನನಗೆ ಜಗಳವಿದೆ. ಬ್ರೆಂಡಾ ಬ್ರೆಡೆಮಯರ್ ಮತ್ತು ಡೇವಿಡ್ ಶೀಲ್ಡ್ಸ್ ಎಂಬ ಸಂಶೋಧಕರು 1980ರ ದಶಕದಲ್ಲಿ ಅಮೆರಿಕದ ಶಾಲಾ ಕಾಲೇಜು ಆಟಗಾರರನ್ನು ಮಾತಾಡಿಸಿದಾಗ ಕಂಡದ್ದು ಇದನ್ನೇ: ದಿನನಿತ್ಯದ ಬದುಕಿನಲ್ಲಿ ಸರಿತಪ್ಪುಗಳ ಬಗ್ಗೆ ಚೆನ್ನಾಗಿಯೇ ಯೋಚಿಸುವವರು ಆಟದ ಸಂದರ್ಭ ಬಂದೊಡನೆ ಆ ಯೋಚನೆಯನ್ನು ಬದಿಗಿಡುತ್ತಾರೆ, ಎದುರಾಳಿಯ ಹಿತ ನೋಡುವುದು ತನ್ನ ಕೆಲಸವಲ್ಲ, ಅದಕ್ಕೆ ರೆಫರಿ ಇದ್ದಾರೆ, ನಿಯಮ ಇದೆ ಎಂದುಕೊಳ್ಳುತ್ತಾರೆ. ಮೈದಾನದ ಗೆರೆ ದಾಟಿ ಒಳಬಂದವನು ಮನುಷ್ಯತನವನ್ನು ಹೊರಗೆ ಬಿಟ್ಟುಬರಬಹುದು ಎಂಬ ಈ ನಂಬಿಕೆಯನ್ನು ನಾವೇ ಬೆಳೆಸಿದ್ದೇವೆ. ತರಬೇತುದಾರರು ‘ಮೊದಲ ಟ್ಯಾಕಲ್‌ನಲ್ಲೇ ಅವನಿಗೆ ಗೊತ್ತಾಗಬೇಕು’ ಎಂದು ಹುಡುಗರಿಗೆ ಹೇಳಿ ಕಳಿಸುವುದನ್ನು ನಾನು ಬದಿಯಲ್ಲಿ ನಿಂತು ಕೇಳಿದ್ದೇನೆ. ಬಿರುಸಾಗಿ ಆಡುವುದು ಬೇರೆ, ನೋಯಿಸಲೆಂದು ಆಡುವುದು ಬೇರೆ. ಈ ವ್ಯತ್ಯಾಸ ಹದಿನಾರರ ಹುಡುಗನಿಗೂ ಗೊತ್ತು. ಕೋಚ್ ಅದನ್ನು ಮರೆಸದಿದ್ದರೆ ಸಾಕು.

ಇನ್ನೊಂದು ಹಳೆಯ ನಂಬಿಕೆ, ಒಂದೇಟು ಕೊಟ್ಟುಬಿಟ್ಟರೆ ಸಿಟ್ಟು ಇಳಿಯುತ್ತದೆ ಎಂಬುದು. ‘ಹೊಡೆದಾಡಿ ಮುಗಿಸ್ಕೊಳ್ಳಲಿ ಬಿಡಿ ಸಾರ್’ ಎಂದು ಹಿರಿಯರೇ ನನಗೆ ಬುದ್ಧಿವಾದ ಹೇಳಿದ್ದುಂಟು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 600 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ಸಿಟ್ಟು ಬರಿಸಲಾಯಿತು. ಬಳಿಕ ಕೆಲವರಿಗೆ, ಸಿಟ್ಟು ಬರಿಸಿದವನನ್ನೇ ನೆನೆಯುತ್ತ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಕೆಲವರಿಗೆ ವ್ಯಾಯಾಮವೆಂದುಕೊಂಡು ಗುದ್ದಿ ಎಂದರು. ಉಳಿದವರು ಸುಮ್ಮನೆ ಕೂತರು. ಸಿಟ್ಟು ಹೆಚ್ಚಾಗಿ ಉಳಿದದ್ದು ಹೊಡೆಯಬೇಕಾದವನನ್ನು ನೆನೆಯುತ್ತ ಗುದ್ದಿದವರಲ್ಲಿ. ಆಕ್ರಮಣದ ಮನಸ್ಸು ಕಡಿಮೆ ಕಂಡದ್ದು ಸುಮ್ಮನೆ ಕೂತವರಲ್ಲಿ. ನಾನು ಮೈದಾನದಲ್ಲಿ ಕಂಡದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನೆನೆನೆನೆದು ಮೆಲುಕು ಹಾಕಿದಷ್ಟೂ ಸಿಟ್ಟು ಹಸಿಯಾಗಿಯೇ ಇರುತ್ತದೆ.

ಅದಕ್ಕೇ ಇಂಗ್ಲೆಂಡಿನಲ್ಲಿ ತಂದಿರುವ ಕ್ರಮ ನನಗೆ ಹಿಡಿಸಿತು. ಅಲ್ಲಿನ ಫುಟ್‌ಬಾಲ್ ಸಂಸ್ಥೆ ಕೆಳಹಂತದ ಫುಟ್‌ಬಾಲ್‌ನಲ್ಲಿ ರೆಫರಿಯೊಂದಿಗೆ ವಾಗ್ವಾದಕ್ಕಿಳಿದ ಆಟಗಾರನನ್ನು ಹಳದಿ ಕಾರ್ಡ್ ತೋರಿಸಿ 10 ನಿಮಿಷ ಹೊರಗೆ ಕೂರಿಸುವ ಪದ್ಧತಿಯನ್ನು 31 ಲೀಗ್‌ಗಳಲ್ಲಿ ಪರೀಕ್ಷಿಸಿತು. ವಾಗ್ವಾದದ ಪ್ರಕರಣಗಳು ಶೇ 38ರಷ್ಟು ಇಳಿದವು. 2019–20ರ ಋತುವಿನಿಂದ ಅದನ್ನು ಕೆಳಹಂತದ ಆಟಕ್ಕೆ ವ್ಯಾಪಕವಾಗಿ ಅಳವಡಿಸಿತು. ಹಾಕಿಯಲ್ಲಂತೂ ಹಸಿರು ಕಾರ್ಡ್ ಕಂಡವನು 2 ನಿಮಿಷ ಹೊರಗಿರಬೇಕು, ಹಳದಿಗೆ ಕನಿಷ್ಠ 5 ನಿಮಿಷ. ತಲೆಗೇರಿದ ರಕ್ತ ಇಳಿಯಲು ಬೇಕಾದ ಸಮಯವನ್ನು ಆಟವೇ ಕೊಡುತ್ತದೆ, ಪೂರ್ತಿ ಓಡಿಸಿಬಿಡುವುದಿಲ್ಲ. ನಮ್ಮ ವಾರಾಂತ್ಯದ ಫುಟ್‌ಬಾಲ್ ಕೂಟಗಳಲ್ಲಿ ಇದನ್ನು ತರಲು ಯಾರ ಖರ್ಚೂ ಇಲ್ಲ.

ತಪ್ಪು ಒಪ್ಪಿಕೊಳ್ಳುವ ಬಗೆಯಲ್ಲಿಯೂ ಕಲಿಯುವುದಿದೆ. ರೆಫರಿಯಾದ ನನಗೆ ಬಹಳ ಹತ್ತಿರವಾದ ಘಟನೆ 2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ನಡೆದದ್ದು. ಬೇಸ್‌ಬಾಲ್ ಪಿಚರ್ ಅರ್ಮಾಂಡೋ ಗಲರಾಗ ಎದುರಾಳಿಯ 26 ಬ್ಯಾಟರ್‌ಗಳನ್ನು ಒಬ್ಬರನ್ನೂ ಬೇಸ್ (ಬ್ಯಾಟರ್ ಓಡಿ ತಲುಪಬೇಕಾದ ತಾಣ) ಮುಟ್ಟಲು ಬಿಡದೆ ಔಟ್ ಮಾಡಿದ್ದರು. 27ನೆಯವನೂ ಔಟಾದರೆ ‘ಪರ್ಫೆಕ್ಟ್ ಗೇಮ್’, ಆ ಆಟದಲ್ಲಿ ಬಹಳ ಅಪರೂಪದ ಸಾಧನೆ. ಅವನೂ ಔಟಾಗಿದ್ದ. ಅಂಪೈರ್ ಜಿಮ್ ಜಾಯ್ಸ್ ಮಾತ್ರ ಅಲ್ಲವೆಂದುಬಿಟ್ಟರು. ಪಂದ್ಯದ ನಂತರ ವಿಡಿಯೋ ನೋಡಿದ ಜಾಯ್ಸ್, ತಪ್ಪು ತನ್ನದೇ ಎಂದು ಯಾವ ಸಬೂಬೂ ಹೇಳದೆ ಒಪ್ಪಿಕೊಂಡರು, ಗಲರಾಗ ಅವರನ್ನು ಕಂಡು ಕಣ್ಣೀರಿಡುತ್ತ ಕ್ಷಮೆ ಕೇಳಿದರು. ಮಾರನೆಯ ದಿನದ ಪಂದ್ಯಕ್ಕೆ ಮುನ್ನ ತಂಡದ ಆಟಗಾರರ ಪಟ್ಟಿಯನ್ನು ಜಾಯ್ಸ್ ಅವರ ಕೈಗೆ ತಂದುಕೊಟ್ಟದ್ದು ಅದೇ ಗಲರಾಗ. ಕಳೆದುಹೋದ ಸಾಧನೆ ವಾಪಸಾಗಲಿಲ್ಲ. ಆದರೆ ಕ್ರೀಡಾಂಗಣದಲ್ಲಿ ಸೇರಿದ್ದ ಜನಕ್ಕೆ ಆ ಅಂಪೈರ್‌ನ ಮೇಲೆ ಕೂಗಾಡಲು ಕಾರಣವೂ ಉಳಿಯಲಿಲ್ಲ.

ನಮ್ಮವರದೇ ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವುದು. 2008ರ ಏಪ್ರಿಲ್‌ನಲ್ಲಿ ಮೊಹಾಲಿಯ ಐಪಿಎಲ್ ಪಂದ್ಯದ ಬಳಿಕ ಹರಭಜನ್ ಸಿಂಗ್, ಶ್ರೀಶಾಂತ್ ಕೆನ್ನೆಗೆ ಹೊಡೆದರು. ಆ ಋತುವಿನ ಉಳಿದ ಪಂದ್ಯಗಳಿಂದ ಹರಭಜನ್‌ಗೆ ನಿಷೇಧವಾಯಿತು. ಆಮೇಲೆ ಇಬ್ಬರೂ ಒಂದೇ ತಂಡದಲ್ಲಿ ಆಡಿದರು, 2011ರ ವಿಶ್ವಕಪ್ ಫೈನಲ್ ಗೆದ್ದ ಹನ್ನೊಂದು ಮಂದಿಯಲ್ಲಿ ಇಬ್ಬರೂ ಇದ್ದರು. ಹರಭಜನ್ ಹಲವು ಬಾರಿ ಸಾರ್ವಜನಿಕವಾಗಿ ಕ್ಷಮೆ ಕೇಳಿದ್ದಾರೆ. ಇಷ್ಟೆಲ್ಲ ಆಗಿ ವರ್ಷಗಳು ಉರುಳಿದ ಮೇಲೆ ಶ್ರೀಶಾಂತ್ ಅವರ ಪುಟ್ಟ ಮಗಳನ್ನು ಪ್ರೀತಿಯಿಂದ ಮಾತಾಡಿಸಲು ಹೋದಾಗ, ‘ನೀವು ನನ್ನ ಅಪ್ಪನಿಗೆ ಹೊಡೆದಿದ್ದೀರಿ, ನಿಮ್ಮ ಜತೆ ಮಾತಾಡುವುದಿಲ್ಲ’ ಎಂದು ಆ ಮಗು ಹೇಳಿತೆಂದೂ, ಅದು ತನ್ನನ್ನು ಅಲುಗಾಡಿಸಿತೆಂದೂ ಹರಭಜನ್ ಅವರೇ 2025ರಲ್ಲಿ ಹೇಳಿಕೊಂಡರು. ಹೊಡೆದವನ ಮಟ್ಟಿಗೆ ನಿಷೇಧದ ಪಂದ್ಯಗಳ ಲೆಕ್ಕ ಎಂದೋ ಮುಗಿದಿತ್ತು. ಹೊಡೆಸಿಕೊಂಡವನ ಮನೆಯಲ್ಲಿ ಲೆಕ್ಕ ಬೇರೆಯೇ ಇತ್ತು.

ಹಾಗೆಂದು ಬಲವಂತದ ಕ್ಷಮೆ ಬೇಕೆಂದು ನಾನು ಹೇಳುತ್ತಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕೂಟಗಳಲ್ಲಿ ಈಗ ನಡೆಯುತ್ತಿರುವುದೇ ಅದು. ಜಗಳವಾದ ಐದೇ ನಿಮಿಷಕ್ಕೆ ಅತಿಥಿಗಳ ಮುಂದೆ ಇಬ್ಬರನ್ನೂ ಎಳೆದು ತಂದು ಕೈಕುಲುಕಿಸಿ ಫೋಟೊ ತೆಗೆಸುತ್ತಾರೆ. ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ ಅದು. ಒಳಗೆ ಕೀವು ತುಂಬುತ್ತದೆ. ಏಟು ತಿಂದ ಹುಡುಗ ತಂಡದಲ್ಲಿ ಕಿರಿಯನಾಗಿದ್ದರೆ ಅವನ ಸ್ಥಿತಿ ಇನ್ನೂ ಕಷ್ಟ. ‘ದೊಡ್ಡ ಮನಸ್ಸು ಮಾಡೋ’ ಎಂದು ಹತ್ತು ಜನ ಸುತ್ತುವರಿದು ನಿಂತರೆ ಅವನು ತಲೆಯಾಡಿಸದೆ ಏನು ಮಾಡಿಯಾನು? ಎವರೆಟ್ ವರ್ದಿಂಗ್ಟನ್ ಎಂಬ ಮನಶ್ಶಾಸ್ತ್ರಜ್ಞರು ಕ್ಷಮೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ಅವರ ತಾಯಿ ಮನೆಗೆ ನುಗ್ಗಿದವನ ಕೈಯಲ್ಲಿ ಕೊಲೆಯಾದರು. ಹಾಗಾಗಿ ಇದು ಅವರಿಗೆ ಬರೀ ಪುಸ್ತಕದ ವಿಷಯವಲ್ಲ. ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸುವುದು ಒಂದು, ಒಳಗಿನ ಕಹಿ ಕರಗುವುದು ಇನ್ನೊಂದು ಎಂದು ಅವರು ಬಿಡಿಸಿ ಹೇಳುತ್ತಾರೆ. ಮೊದಲನೆಯದು ಒಂದೇ ದಿನ ಆಗಬಹುದು. ಎರಡನೆಯದಕ್ಕೆ ಅದರದೇ ಹೊತ್ತು ಬೇಕು. ನಮ್ಮ ಕೀಪರ್ ಮಾಡಿದ್ದು ಮೊದಲನೆಯದನ್ನು. ಪಂದ್ಯ ಶಾಂತವಾಗಿ ನಡೆಯಲು ಅಷ್ಟು ಸಾಕಾಯಿತು.

ಕ್ಷಮಿಸಿದ್ದಾನೆ ಎಂಬ ಕಾರಣಕ್ಕೆ ಶಿಕ್ಷೆ ಕಡಿತ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಕ್ಷಮೆ ಎಂಬುದು ಚೌಕಾಸಿಯಾಗಿಬಿಡುತ್ತದೆ, ಏಟು ತಿಂದವನ ಮನೆ ಬಾಗಿಲಿಗೆ ಹೊಡೆದವನ ಕಡೆಯವರು ಒತ್ತಡ ಹೇರಲು ಬರುತ್ತಾರೆ. ಮತ್ತೆಮತ್ತೆ ಅದನ್ನೇ ಮಾಡುವವನು, ರೆಫರಿಯ ಮೇಲೆ ಕೈಮಾಡುವವನು, ಬಿದ್ದವನ ತಲೆಗೆ ಒದೆಯುವವನು — ಇವರ ಪಾಲಿಗೆ ಬಾಗಿಲು ಮುಚ್ಚಬೇಕು, ಅಗತ್ಯವಾದರೆ ಪೊಲೀಸರಿಗೂ ದೂರು ಹೋಗಬೇಕು. ಆದರೆ ನಾನು ಕಂಡ ಹೊಡೆದಾಟಗಳಲ್ಲಿ ಇಂಥವರು ಕೆಲವರೇ. ಉಳಿದವರು ಆರು ದಿನ ದುಡಿದು ಏಳನೆಯ ದಿನ ಆಡಲು ಬಂದು, ಒಂದು ಗಳಿಗೆ ತಲೆಕೆಟ್ಟವರು. ಅವರಿಗೆಲ್ಲ ಆಜೀವ ನಿಷೇಧ ಎಂದರೆ ಬದಿಯಲ್ಲಿ ನಿಂತು ಕಿಡಿ ಹಚ್ಚುವ ಒಬ್ಬೊಬ್ಬನನ್ನು ಹೆಚ್ಚಿಸಿಕೊಂಡಂತೆ.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟು. ಹೊಡೆದವನು ನಿಷೇಧ ಮುಗಿಸಿ ಹೊಸದಾಗಿ ಹೆಸರು ನೋಂದಾಯಿಸುವ ಮೊದಲು, ಏಟು ತಿಂದವನನ್ನು ಒಂದು ಮಾತು ಕೇಳಿ: ಅವನ ಜತೆ ಮಾತಾಡಲು ಇಷ್ಟವಿದೆಯೇ? ಇದ್ದರೆ ಕೂರಿಸಿ. ಇಲ್ಲವೆಂದರೆ ಅಲ್ಲಿಗೇ ಬಿಡಿ, ಯಾಕೆ ಎನ್ನಬೇಡಿ. ಆ ಋತುವಿನ ಮಟ್ಟಿಗೆ ಆ ಎರಡು ತಂಡಗಳನ್ನು ಬೇರೆ ಬೇರೆ ಗುಂಪಿನಲ್ಲಿ ಹಾಕುವುದು ಅಷ್ಟೇನೂ ಕಷ್ಟವಲ್ಲ. ಪ್ರವೇಶ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಗಾಯಾಳುಗಳ ಚಿಕಿತ್ಸೆಗೆಂದು ತೆಗೆದಿಡಿ. ಆಸ್ಪತ್ರೆಯ ಬಿಲ್ಲು ಕೈಯಲ್ಲಿ ಹಿಡಿದು ಒಂಟಿಯಾಗಿ ಕೂತವನಿಗೆ ಕ್ಷಮಿಸು ಎಂದು ಹೇಳುವ ಮುಖ ಯಾರಿಗೂ ಇಲ್ಲ. ಕೂರಿಸುವಾಗ ಜನಜಂಗುಳಿ ಬೇಡ, ಮೊಬೈಲ್ ಬೇಡ. ಮೊದಲು ಮಾತಾಡಬೇಕಾದವನು ಏಟು ತಿಂದವನು. ಇನ್ನೊಬ್ಬನು ಕೇಳಿಸಿಕೊಳ್ಳಲಿ. ಆ ದಿನದ ನಮ್ಮ ಬೆಂಚಿನ ಮೇಲೆ ಈ ಕ್ರಮ ತಲೆಕೆಳಗಾಗಿತ್ತು, ಅದರಿಂದಲೇ ಅರ್ಧ ಹೊತ್ತು ವಿವರಣೆಯಲ್ಲಿ ಕಳೆದುಹೋಯಿತು.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಬೇಡಿಕೆ. ಹೊಡೆದಾಟದ ಚಿತ್ರವನ್ನು ನಿಮ್ಮ ಪತ್ರಿಕೆ ನಾಲ್ಕು ಅಂಕಣಕ್ಕೆ ಹಾಕಿತು. ಆ ಎರಡು ತಂಡಗಳು ಮುಂದಿನ ಸಲ ಎದುರಾದಾಗಲೂ ನಿಮ್ಮ ವರದಿಗಾರರನ್ನು ಕಳಿಸಿಕೊಡಿ. ಮೂಗು ಮುರಿದುಕೊಂಡ ಹುಡುಗ ಮರಳಿ ಆಡಿದನೇ, ಅವನನ್ನು ಯಾರಾದರೂ ಹೋಗಿ ಕಂಡರೇ, ಹೊಡೆದವನು ಏನೆಂದ, ಸಂಘಟಕರು ಏನು ಮಾಡಿದರು ಎಂಬುದನ್ನೂ ಬರೆಸಿ. ಒಂದೇ ಅಂಕಣದ ಜಾಗವಾದರೂ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಫುಟ್‌ಬಾಲ್ ರೆಫರಿ